ಮೊಲ ಮೇವು ಬಿಟ್ಟರೆ ನಾಳೆಯವರೆಗೆ ಕಾಯಬೇಡಿ

ಹಾಲಿನ ಪತ್ರಿಕೆಯಲ್ಲಿ ಮೊಲದ ವಿಚಾರ ಏಕೆ ಎಂದು ನೀವು ಕೇಳಬಹುದು. ಊರ ಜಾತ್ರೆಯಿಂದಲೋ ಪೇಟೆಯಿಂದಲೋ ಮಕ್ಕಳು ಹಟ ಹಿಡಿದು ತಂದ ಮೊಲ ಈಗ ಎಷ್ಟೋ ಮನೆಗಳಲ್ಲಿ ಕೊಟ್ಟಿಗೆಯ ಮೂಲೆಯಲ್ಲೇ, ಹಸುಗಳ ಪಕ್ಕದಲ್ಲಿ ಬೆಳೆಯುತ್ತಿದೆ. ತಂದವರು ಮಕ್ಕಳು. ಹುಲ್ಲು ಹಾಕುವವರು, ಗೂಡು ಗುಡಿಸುವವರು ನೀವು. ಕಾಲುಬಾಯಿ ಜ್ವರದ ಲಸಿಕೆ ಹಾಕಲು ವೈದ್ಯರು ಊರಿಗೆ ಬಂದ ದಿನ ಬುಟ್ಟಿಯಲ್ಲಿ ಮೊಲ ಇಟ್ಟುಕೊಂಡು ನಿಲ್ಲುವವರೂ ನೀವೇ. ಹಾಗೆ ಬರುವ ಮೊಲಗಳಲ್ಲಿ ಬಹಳಷ್ಟು ತಡವಾಗಿ ಬರುತ್ತವೆ. "ಮೊನ್ನೆಯಿಂದ ಏನೂ ತಿಂದಿಲ್ಲ ಡಾಕ್ಟ್ರೇ, ಇವತ್ತು ತಿನ್ನಬಹುದು ಅಂತ ನೋಡಿದ್ವಿ" ಎಂಬ ಮಾತು ಕೇಳಿದರೆ ವೈದ್ಯರಿಗೆ ಅರ್ಧ ಕಥೆ ತಿಳಿದುಹೋಗುತ್ತದೆ.

ಇದು ನಿಮ್ಮ ನಿರ್ಲಕ್ಷ್ಯವಲ್ಲ, ಹಸುವನ್ನು ನೋಡಿ ನೋಡಿ ಬಂದ ರೂಢಿ. ಹಸು ಒಂದು ಹೊತ್ತು ಮೇವು ಬಿಟ್ಟರೆ ನೀವು ಗಾಬರಿಯಾಗುವುದಿಲ್ಲ. ಬೆದೆಗೆ ಬಂದಿರಬಹುದು, ಹಿಂಡಿ ಬದಲಾಗಿದ್ದಕ್ಕೆ ಇರಬಹುದು, ಸೆಕೆಗೆ ಇರಬಹುದು ಎಂದು ಸಂಜೆಯವರೆಗೆ ನೋಡುತ್ತೀರಿ. ಮೆಲುಕು ಹಾಕುತ್ತಿದೆಯೇ, ಮೂತಿ ಒದ್ದೆಯಾಗಿದೆಯೇ, ಸಗಣಿ ಹೇಗಿದೆ ಎಂದು ಗಮನಿಸಿ ಆಮೇಲೆ ಫೋನ್ ಮಾಡುತ್ತೀರಿ. ಹಸುವಿಗೆ ಈ ಕ್ರಮ ಬಹುಮಟ್ಟಿಗೆ ನಡೆಯುತ್ತದೆ, ಮೊಲಕ್ಕೆ ನಡೆಯುವುದಿಲ್ಲ. ಮೊಲವೊಂದು ಹತ್ತು ಹನ್ನೆರಡು ಗಂಟೆ ಏನನ್ನೂ ಮುಟ್ಟದೆ, ಹಿಕ್ಕೆಯನ್ನೂ ಹಾಕದೆ ಕುಳಿತಿದ್ದರೆ ಅದು ಹಸು ಹೊಟ್ಟೆಯುಬ್ಬರಿಸಿಕೊಂಡು ಮಲಗಿದಷ್ಟೇ ತುರ್ತು.

ಮೊಲದ ಹೊಟ್ಟೆಯೊಳಗೆ

ಹಸುವಿಗೆ ನಾಲ್ಕು ಕೋಣೆಯ ಹೊಟ್ಟೆ. ಮೊದಲಿನ ದೊಡ್ಡ ಚೀಲದಲ್ಲಿ ಹುಲ್ಲು ಹುದುಗಿ, ಮತ್ತೆ ಬಾಯಿಗೆ ಬಂದು, ಮೆಲುಕಾಗಿ ಕೆಳಗಿಳಿಯುತ್ತದೆ. ಮೊಲವೂ ಹುಲ್ಲು ತಿಂದೇ ಬದುಕುವ ಪ್ರಾಣಿ, ಆದರೆ ಅದಕ್ಕೆ ಇರುವುದು ಒಂದೇ ಹೊಟ್ಟೆ. ಹುಲ್ಲು ಹುದುಗುವ ಚೀಲ ಅದಕ್ಕೆ ಹಿಂದುಗಡೆ ಇದೆ, ಸಣ್ಣ ಕರುಳು ಮುಗಿದು ದೊಡ್ಡ ಕರುಳು ಶುರುವಾಗುವ ಜಾಗದಲ್ಲಿ. ಮೇವು ಅಲ್ಲಿಗೆ ತಲುಪಿದ ಮೇಲೆ ಮತ್ತೆ ಬಾಯಿಗೆ ಬರುವ ದಾರಿ ಇಲ್ಲ. ಮೊಲ ಮೆಲುಕು ಹಾಕುವುದಿಲ್ಲ. ವಾಂತಿ ಮಾಡುವುದಕ್ಕೂ ಅದಕ್ಕೆ ಆಗುವುದಿಲ್ಲ. ಒಳಗೆ ಹೋದದ್ದು ಹಿಂದಿನಿಂದಲೇ ಹೊರಗೆ ಹೋಗಬೇಕು.

ಹಿಂದಿನ ಚೀಲದಲ್ಲಿ ಹುದುಗಿ ತಯಾರಾದ ಸತ್ವ ವ್ಯರ್ಥವಾಗದಂತೆ ಮೊಲ ಒಂದು ಉಪಾಯ ಮಾಡಿಕೊಂಡಿದೆ. ಸಾಮಾನ್ಯವಾಗಿ ರಾತ್ರಿ ಅಥವಾ ಬೆಳಗಿನ ಜಾವ ಮೆತ್ತಗಿನ, ಹೊಳಪಿನ, ಪುಟ್ಟ ದ್ರಾಕ್ಷಿ ಗೊಂಚಲಿನಂತೆ ಅಂಟಿಕೊಂಡ ಬೇರೆ ಬಗೆಯ ಹಿಕ್ಕೆ ಬರುತ್ತದೆ. ಅದನ್ನು ನೆಲಕ್ಕೆ ಬೀಳಲು ಬಿಡದೆ ಹಿಂಭಾಗದಿಂದಲೇ ಬಾಯಿಗೆ ತೆಗೆದುಕೊಂಡು ನುಂಗುತ್ತದೆ. ಇದನ್ನು ಕಂಡು ಮಕ್ಕಳು ಹೇಸಿಕೊಳ್ಳುತ್ತಾರೆ, ದೊಡ್ಡವರು ಹೊಟ್ಟೆಗೆ ಸಾಲದೇ ಹೀಗೆ ಮಾಡುತ್ತಿದೆ ಎಂದು ಇನ್ನಷ್ಟು ಬೂಸಾ ಸುರಿಯುತ್ತಾರೆ. ಎರಡೂ ಬೇಡ. ಹಸುವಿಗೆ ಮೆಲುಕು ಹೇಗೋ ಮೊಲಕ್ಕೆ ಇದು ಹಾಗೆ. ಈ ಮೆತ್ತಗಿನ ಹಿಕ್ಕೆಯನ್ನು ತಿನ್ನದೆ ಬಿಟ್ಟು ಅದು ಬಾಲದ ಕೆಳಗೆ ಮೆತ್ತಿಕೊಂಡಿದ್ದರೆ ಮಾತ್ರ ಯೋಚಿಸಬೇಕು. ಒಂದೋ ಮೊಲ ವಿಪರೀತ ದಪ್ಪವಾಗಿ ಬಗ್ಗಲಾಗುತ್ತಿಲ್ಲ, ಇಲ್ಲವೇ ಬೆನ್ನು ಅಥವಾ ಹಲ್ಲು ನೋಯುತ್ತಿದೆ, ಇಲ್ಲವೇ ಕಾಳು ಹಿಂಡಿ ಹೆಚ್ಚಾಗಿ ಹುಲ್ಲು ಕಡಿಮೆಯಾಗಿದೆ.

ಈ ಕರುಳು ಹಗಲೂ ರಾತ್ರಿ ಚಲಿಸುತ್ತಲೇ ಇರಬೇಕು. ಅದನ್ನು ತಳ್ಳಿಕೊಂಡು ಹೋಗುವುದು ಹುಲ್ಲಿನ ನಾರು. ನಾರು ಕಡಿಮೆಯಾದಾಗ, ನೀರು ಸಾಲದಾದಾಗ, ನಾಯಿ ಅಟ್ಟಿಸಿಕೊಂಡು ಬಂದು ಹೆದರಿಸಿದಾಗ, ಹಲ್ಲೋ ಕಾಲೋ ನೋಯುವಾಗ ಕರುಳಿನ ಚಲನೆ ನಿಧಾನವಾಗುತ್ತದೆ. ಒಳಗಿನ ಮೇವಿನ ನೀರನ್ನು ದೇಹ ಹೀರಿಕೊಂಡು ಅದು ಗಟ್ಟಿಯಾಗುತ್ತದೆ, ಗಾಳಿ ತುಂಬಿಕೊಳ್ಳುತ್ತದೆ, ಹೊಟ್ಟೆ ನೋಯುತ್ತದೆ. ಹೊಟ್ಟೆ ನೋಯುವುದಕ್ಕೆ ಮೊಲ ತಿನ್ನುವುದಿಲ್ಲ. ತಿನ್ನದ್ದಕ್ಕೆ ಕರುಳು ಇನ್ನಷ್ಟು ನಿಲ್ಲುತ್ತದೆ. ಜೊತೆಗೆ ಉಪವಾಸ ಬಿದ್ದ ಮೊಲದ ದೇಹ ತನ್ನ ಕೊಬ್ಬನ್ನೇ ಕರಗಿಸಲು ಹೋಗಿ ಆ ಕೊಬ್ಬು ಯಕೃತ್ತಿನಲ್ಲಿ ಕೂರುತ್ತದೆ. ಹೆಚ್ಚು ಹಾಲಿನ ಹಸು ಕರು ಹಾಕಿದ ಹೊಸತರಲ್ಲಿ ಮೇವು ಬಿಟ್ಟು ಕೀಟೋಸಿಸ್ ಆಗುವುದನ್ನು ನೀವು ಕಂಡಿರುತ್ತೀರಿ, ಅದೇ ಜಾಡು ಇದು. ವ್ಯತ್ಯಾಸ ಏನೆಂದರೆ ಹಸುವಿನಲ್ಲಿ ದಿನಗಟ್ಟಲೆ ನಡೆಯುವುದು ಮೊಲದಲ್ಲಿ ಒಂದೆರಡು ದಿನದಲ್ಲಿ ಮುಗಿದುಹೋಗಬಹುದು.

ಇನ್ನೊಂದು ತೊಡಕು ಇದೆ. ಹೊಟ್ಟೆ ನೋವು ಬಂದರೆ ಹಸು ಹೊಟ್ಟೆಗೆ ಒದ್ದುಕೊಳ್ಳುತ್ತದೆ, ನರಳುತ್ತದೆ, ಎದ್ದು ಮಲಗಿ ಮಾಡುತ್ತದೆ. ಮೊಲ ಸುಮ್ಮನಿರುತ್ತದೆ. ನರಿ, ನಾಯಿ, ಹದ್ದುಗಳಿಗೆ ಆಹಾರವಾಗುವ ಪ್ರಾಣಿ ಅದು. ನೋವಿದೆ ಎಂದು ತೋರಿಸಿಕೊಂಡರೆ ಮೊದಲು ಬಲಿಯಾಗುವುದು ಅದೇ. ಹಾಗಾಗಿ "ಇಷ್ಟು ದಿನ ಕುಣಿದಾಡುತ್ತಿತ್ತು, ಈಗ ಸಾಧುವಾಗಿದೆ, ಎತ್ತಿಕೊಂಡರೂ ಸುಮ್ಮನಿರುತ್ತದೆ" ಎಂದು ಮಕ್ಕಳು ಖುಷಿಪಟ್ಟರೆ ನೀವು ಒಮ್ಮೆ ಹೋಗಿ ನೋಡಿ.

ಹಾಲು ಕರೆದ ಮೇಲೆ ಎರಡು ನಿಮಿಷ

ಸಗಣಿ ನೋಡಿ ಹಸುವಿನ ಹೊಟ್ಟೆ ಹೇಳುವ ನಿಮಗೆ ಹಿಕ್ಕೆ ನೋಡಿ ಮೊಲದ ಹೊಟ್ಟೆ ಹೇಳುವುದು ಕಷ್ಟವಲ್ಲ. ಆರೋಗ್ಯದ ಮೊಲ ದಿನಕ್ಕೆ 200ರಿಂದ 300 ಹಿಕ್ಕೆ ಹಾಕುತ್ತದೆ. ಎಲ್ಲ ಒಂದೇ ಗಾತ್ರ, ದುಂಡು, ಒಣಗಿದಂತೆ, ಚಿವುಟಿದರೆ ಒಳಗೆ ಹುಲ್ಲಿನ ಪುಡಿ. ಬೆಳಗ್ಗೆ ಡೇರಿಗೆ ಹಾಲು ಹಾಕಿ ಬಂದು ಗೂಡು ಗುಡಿಸುವಾಗ ಎಷ್ಟು ಬಿದ್ದಿದೆ ಎಂಬ ಅಂದಾಜು ಕಣ್ಣಿಗೆ ಇರಲಿ. ಹಿಕ್ಕೆ ಸಾಸಿವೆ ಕಾಳಿನ ಕಡೆಗೆ ಸಣ್ಣದಾಗುತ್ತಾ ಬಂದರೆ, ಒಂದು ದೊಡ್ಡದು ಒಂದು ಚಿಕ್ಕದು ಆದರೆ, ಕೂದಲಿನ ಎಳೆಯಲ್ಲಿ ಪೋಣಿಸಿದ ಹಾಗೆ ಸರವಾಗಿ ಬಂದರೆ ಕರುಳು ನಿಧಾನವಾಗುತ್ತಿದೆ ಎಂದು ತಿಳಿಯಿರಿ. ಆ ದಿನವೇ ಕಾಳು, ಹಿಂಡಿ, ಹಣ್ಣು ಎಲ್ಲ ನಿಲ್ಲಿಸಿ ಬರೀ ಹುಲ್ಲು, ಧಾರಾಳ ನೀರು ಕೊಡಿ. ಹಿಕ್ಕೆ ಪೂರ್ತಿ ನಿಂತಿದ್ದರೆ ಅಥವಾ ಮೊಲ ಹುಲ್ಲನ್ನೂ ಮೂಸದಿದ್ದರೆ ಮನೆಯಲ್ಲಿ ನೋಡುತ್ತಾ ಕೂರುವ ಹೊತ್ತು ಮುಗಿಯಿತು.

ಕೂತ ಭಂಗಿ ನೋಡಿ. ನೋವಿರುವ ಮೊಲ ಬೆನ್ನು ಗೂನು ಮಾಡಿ ಮುದುಡಿಕೊಂಡು, ಕಣ್ಣು ಅರ್ಧ ಮುಚ್ಚಿ, ಗೋಡೆಗೆ ಮುಖ ಮಾಡಿ ಕೂರುತ್ತದೆ. ಕೆಲವೊಮ್ಮೆ ಹೊಟ್ಟೆಯನ್ನು ನೆಲಕ್ಕೆ ಒತ್ತಿಕೊಳ್ಳುತ್ತದೆ. ಕಿವಿಗೊಟ್ಟರೆ ಹಲ್ಲು ಕಟಕಟ ಮಸೆಯುವುದು ಕೇಳುತ್ತದೆ. ತಲೆ ಸವರುವಾಗ ಮೆಲ್ಲಗೆ ಹಲ್ಲಾಡಿಸುವುದು ಸಂತೋಷಕ್ಕೆ, ಒಂದೇ ಕಡೆ ಮುದುಡಿ ಕೂತು ಜೋರಾಗಿ ಮಸೆಯುವುದು ನೋವಿಗೆ. ಕಿವಿ ಮುಟ್ಟಿ ನೋಡಿ. ಮೊಲದ ಮೈಬಿಸಿ ಸಹಜವಾಗಿ 38.5ರಿಂದ 39.5 ಡಿಗ್ರಿ ಸೆಲ್ಸಿಯಸ್, ಹೆಚ್ಚು ಕಡಿಮೆ ಹಸುವಿನಷ್ಟೇ ಅಥವಾ ತುಸು ಜಾಸ್ತಿ. ಮೇವು ಬಿಟ್ಟ ಮೊಲದ ಕಿವಿ ತಣ್ಣಗೆ ಕೊರೆಯುತ್ತಿದ್ದರೆ ಜ್ವರಕ್ಕಿಂತ ಅದು ಕೆಟ್ಟ ಸೂಚನೆ. ಥರ್ಮಾಮೀಟರ್ ಹಾಕಲು ಹೋಗಬೇಡಿ, ಒದ್ದಾಡಿ ಗಾಯವಾಗುತ್ತದೆ.

ಹೊಟ್ಟೆ ಒಮ್ಮೆಲೇ ತಮಟೆಯ ಹಾಗೆ ಬಿಗಿದು ಮೊಲ ಕುಸಿದು ಬಿದ್ದರೆ ಅದು ಬೇರೆ. ಕೂದಲಿನ ಉಂಡೆಯೋ ಬೇರೇನೋ ಕರುಳಿಗೆ ಅಡ್ಡ ಸಿಕ್ಕಿರಬಹುದು. ಆಗ ಬಾಯಿಗೆ ಏನನ್ನೂ ಹಾಕದೆ, ಆ ಗಂಟೆಯಲ್ಲೇ ಹೊರಡಬೇಕು.

ಹಲ್ಲನ್ನು ವಾರಕ್ಕೊಮ್ಮೆ ತುಟಿ ಸರಿಸಿ ನೋಡಿದರೆ ಸಾಕು. ಮೊಲದ ಹಲ್ಲು ಬದುಕಿರುವವರೆಗೂ ಬೆಳೆಯುತ್ತದೆ, ಮುಂದಿನ ಹಲ್ಲು ವಾರಕ್ಕೆ 2-3 ಮಿಲಿಮೀಟರ್. ಹುಲ್ಲು ಅಗಿದು ಅಗಿದು ಅದು ಸವೆಯಬೇಕು. ಬರೀ ಅನ್ನ, ಬ್ರೆಡ್ಡು, ಬಿಸ್ಕತ್ತು ತಿಂದ ಮೊಲಕ್ಕೆ ಹಲ್ಲು ಕೊಂಕಿ ಬೆಳೆದು ನಾಲಿಗೆಗೆ, ಕೆನ್ನೆಗೆ ಚುಚ್ಚುತ್ತದೆ. ತಿನ್ನಬೇಕೆಂದು ಬಂದು, ಬಾಯಿ ಹಾಕಿ, ಬಿಟ್ಟು ಹೋಗುವುದು, ಗದ್ದ ಒದ್ದೆಯಾಗಿರುವುದು ಇದರ ಗುರುತು. ಉಗುರು ಕತ್ತರಿಯಿಂದ ಹಲ್ಲು ಕತ್ತರಿಸಿದರೆ ಬುಡದವರೆಗೆ ಸೀಳುತ್ತದೆ. ಅದನ್ನು ವೈದ್ಯರು ಉಜ್ಜಿ ಸರಿಮಾಡುತ್ತಾರೆ.

ಮೂತ್ರ ಕೆಂಪಾದರೆ ಎಲ್ಲರೂ ಹೆದರುತ್ತಾರೆ. ಬೀಟ್‌ರೂಟ್, ಕ್ಯಾರೆಟ್, ಕೆಲವು ಸೊಪ್ಪಿನ ಬಣ್ಣ ಮೊಲದ ಮೂತ್ರಕ್ಕೆ ಇಳಿಯುವುದುಂಟು. ಸುಣ್ಣದ ನೀರಿನ ಹಾಗೆ ಬೆಳ್ಳಗಿರುವುದೂ ಸಹಜ. ಮುಕ್ಕುತ್ತಾ ಹನಿ ಹನಿಯಾಗಿ ಹೊಯ್ದರೆ, ರಕ್ತದ ಗಡ್ಡೆ ಕಂಡರೆ ತೋರಿಸಬೇಕು. ಮೂರು ನಾಲ್ಕು ವರ್ಷ ದಾಟಿದ ಹೆಣ್ಣು ಮೊಲಗಳಿಗೆ ಗರ್ಭಕೋಶದ ಗಡ್ಡೆ ಬರುವುದು ಸಾಮಾನ್ಯ, ರಕ್ತ ಕಾಣಿಸಿಕೊಳ್ಳುವುದು ಅದಕ್ಕೂ ಇರಬಹುದು.

ಕೊಟ್ಟಿಗೆಯ ಔಷಧ ಮೊಲಕ್ಕೆ ಬೇಡ

ಈ ಲೇಖನದಲ್ಲಿ ಒಂದೇ ವಿಷಯ ನೆನಪಿಟ್ಟುಕೊಳ್ಳುವುದಾದರೆ ಇದನ್ನು ಇಟ್ಟುಕೊಳ್ಳಿ. ಹಸು ಸಾಕುವ ಮನೆಯಲ್ಲಿ ಔಷಧಕ್ಕೆ ಬರವಿಲ್ಲ. ಕಿಟಕಿಯ ಮೇಲೆ ಅರ್ಧ ಉಳಿದ ಬಾಟಲಿ, ಕೆಚ್ಚಲು ಬಾವಿಗೆ ತಂದ ಟ್ಯೂಬು, ಉಣ್ಣೆಗೆ ಹಚ್ಚುವ ಔಷಧ, ಜಂತಿನ ಮಾತ್ರೆ ಇದ್ದೇ ಇರುತ್ತವೆ. ಪೇಟೆಯ ಮನೆಯ ಮೊಲಕ್ಕಿಲ್ಲದ ಅಪಾಯ ನಿಮ್ಮ ಮನೆಯ ಮೊಲಕ್ಕೆ ಇರುವುದು ಇಲ್ಲೇ.

ಪೆನಿಸಿಲಿನ್, ಆಂಪಿಸಿಲಿನ್, ಅಮಾಕ್ಸಿಸಿಲಿನ್ ಜಾತಿಯ ಔಷಧವನ್ನು ಬಾಯಿಯ ಮೂಲಕ ಕೊಟ್ಟರೆ ಮೊಲದ ಹಿಂದಿನ ಚೀಲದಲ್ಲಿರುವ ಒಳ್ಳೆಯ ಸೂಕ್ಷ್ಮಜೀವಿಗಳು ಸಾಯುತ್ತವೆ. ಅವುಗಳ ಜಾಗದಲ್ಲಿ ವಿಷ ಬಿಡುವ ಜೀವಿಗಳು ಬೆಳೆದು, ಭೇದಿ ಶುರುವಾಗಿ ಮೊಲ ಸಾಯುತ್ತದೆ. ಕೆಚ್ಚಲಿಗೆ ಏರಿಸುವ ಟ್ಯೂಬುಗಳಲ್ಲಿ ಅನೇಕವು ಇದೇ ಗುಂಪಿನವು. ಮೊಲದ ಗಾಯಕ್ಕೆ ಅದನ್ನು ಹಚ್ಚಿದರೂ ಮೊಲ ನೆಕ್ಕಿಕೊಳ್ಳುತ್ತದೆ, ಅಂದರೆ ಬಾಯಿಗೆ ಹೋದಂತೆಯೇ. ಹಸುವಿನ ಜೀವ ಉಳಿಸಿದ ಔಷಧವೇ ಮೊಲದ ಜೀವ ತೆಗೆಯುತ್ತದೆ ಎಂಬುದು ನಂಬಲು ಕಷ್ಟ, ಆದರೆ ನಿಜ.

ಉಣ್ಣೆಯ ಔಷಧವೂ ಅಷ್ಟೇ. ಫಿಪ್ರೊನಿಲ್ ಎಂದು ಬರೆದಿರುವ ಯಾವ ಔಷಧವನ್ನೂ ಮೊಲಕ್ಕೆ ಹಚ್ಚಬಾರದು. ಹಸುವನ್ನು ತೊಳೆಯಲು ನೀರಿಗೆ ಬೆರೆಸುವ ಔಷಧದಲ್ಲಿ ಮೊಲವನ್ನು ಅದ್ದಿ ತೆಗೆಯುವುದೂ ಬೇಡ. ಕಜ್ಜಿಗೆ ಐವರ್ಮೆಕ್ಟಿನ್ ಚುಚ್ಚುಮದ್ದು ಮೊಲಕ್ಕೂ ಕೊಡುತ್ತಾರೆ, ಆದರೆ ಲೆಕ್ಕ ನೋಡಿ. ಹಸುವಿಗೆ ಸಾಮಾನ್ಯವಾಗಿ 50 ಕೆ.ಜಿ. ತೂಕಕ್ಕೆ 1 ಮಿ.ಲೀ. ಆ ಲೆಕ್ಕದಲ್ಲಿ 2 ಕೆ.ಜಿ. ಮೊಲಕ್ಕೆ ಬರುವುದು 0.04 ಮಿ.ಲೀ., ಹೆಚ್ಚೆಂದರೆ ಒಂದು ಹನಿ. ಹಸುವಿಗೆ ಬಳಸುವ ಸಿರಿಂಜಿನಲ್ಲಿ ಆ ಹನಿಯನ್ನು ಅಳೆಯಲಾಗುವುದಿಲ್ಲ. ವೈದ್ಯರು ಅಳೆದು ಹಾಕಲಿ.

ಹೊಟ್ಟೆಯುಬ್ಬರಕ್ಕೆ ಹಸುವಿಗೆ ಎಣ್ಣೆ ಕುಡಿಸುವ ಹಾಗೆ ಮೊಲಕ್ಕೆ ಗೊಟ್ಟ ಹಾಕಿ ಕುಡಿಸಿದರೆ ಅದು ಶ್ವಾಸಕೋಶಕ್ಕೆ ಇಳಿಯುತ್ತದೆ. ಮನುಷ್ಯರ ನೋವಿನ ಮಾತ್ರೆಯ ಚೂರು, ಸೋಡಾಪುಡಿ ಕೂಡ ಬೇಡ.

ಮೇವಿಗೂ ಇದೇ ಮಾತು. ಪಶು ಆಹಾರ ತಯಾರಾಗುವುದು ಹಸುವಿನ ದೊಡ್ಡ ಹೊಟ್ಟೆಯ ಲೆಕ್ಕಕ್ಕೆ. ಕೆಲವು ಬಗೆಯಲ್ಲಿ ಯೂರಿಯಾ ಕೂಡ ಇರುತ್ತದೆ. ಅದು ಮೊಲದ ಆಹಾರವಲ್ಲ. ಬೂಸಲು ಹಿಡಿದ ಜೋಳ, ಕಡಲೆಕಾಯಿ ಹಿಂಡಿಯಲ್ಲಿರುವ ಶಿಲೀಂಧ್ರದ ವಿಷಕ್ಕೆ ಮೊಲ ಹಸುವಿಗಿಂತ ಬೇಗ ಬಲಿಯಾಗುತ್ತದೆ, ಹಸು ತಿಂದು ದಕ್ಕಿಸಿಕೊಂಡಿದೆ ಎಂಬುದು ಮೊಲಕ್ಕೆ ರಕ್ಷಣೆಯಲ್ಲ. ಕಣಗಿಲೆ, ಲಂಟಾನ ಗೂಡಿನ ಹತ್ತಿರವೂ ಇರಬಾರದು. ಔಷಧ ಹೊಡೆದ ತೋಟದ ಕೋಸಿನ ಎಲೆ, ಹೂಕೋಸಿನ ದಂಟು ತಂದು ಹಾಕುವ ಮೊದಲು ಯೋಚಿಸಿ. ನಿಮ್ಮ ಬಳಿ ಇರುವ ಒಳ್ಳೆಯ ಹುಲ್ಲು, ಸೀಮೆ ಹುಲ್ಲಿನ ಎಳೆ ಎಲೆ, ಗರಿಕೆ, ಒಣ ಹುಲ್ಲು ಇವೇ ಮೊಲದ ನಿಜವಾದ ಊಟ. ಕುದುರೆ ಮಸಾಲೆ ಸೊಪ್ಪು ಬೆಳೆಯುವ ಮರಿಗೆ ಒಳ್ಳೆಯದು, ದೊಡ್ಡ ಮೊಲಕ್ಕೆ ಸ್ವಲ್ಪ ಸಾಕು, ಅದರಲ್ಲಿ ಸುಣ್ಣದಂಶ ಜಾಸ್ತಿ. ಹಾಲು ಕರೆಯುವಾಗ ಉಳಿದದ್ದನ್ನು ಬೆಕ್ಕಿಗೆ ಹಾಕುವ ಹಾಗೆ ಮೊಲಕ್ಕೂ ಬಟ್ಟಲಲ್ಲಿ ಹಾಕುವವರಿದ್ದಾರೆ. ಹಾಲು ನಮ್ಮ ಜೀವನ, ಆದರೆ ದೊಡ್ಡ ಮೊಲಕ್ಕೆ ಅದು ಭೇದಿಯ ದಾರಿ.

ಕಜ್ಜಿ, ನೆಗಡಿ, ಭೇದಿ, ಸೆಕೆ

ಕಜ್ಜಿ ಮೂಗಿನ ತುದಿ, ಕಿವಿಯ ಅಂಚು, ಕಾಲ್ಬೆರಳುಗಳಲ್ಲಿ ಬಿಳಿ ಹೊಟ್ಟಿನ ಹಾಗೆ ಶುರುವಾಗುತ್ತದೆ. ಇನ್ನೊಂದು ಬಗೆಯದು ಕಿವಿಯೊಳಗೆ ಪದರ ಪದರವಾಗಿ ಕಂದು ಹೆಕ್ಕಳೆ ಕಟ್ಟುತ್ತದೆ. ಮೊಲ ತಲೆ ಕೊಡವುತ್ತಾ ಕಿವಿ ಕೆರೆದುಕೊಳ್ಳುತ್ತದೆ. ಹೆಕ್ಕಳೆ ಕಿತ್ತು ತೆಗೆಯಬೇಡಿ, ಅಡಿಯಲ್ಲಿ ಹಸಿ ಮಾಂಸ ಇರುತ್ತದೆ. ಔಷಧ ಬಿದ್ದ ಮೇಲೆ ತಾನಾಗಿ ಉದುರುತ್ತದೆ. ಮೂಗು ಕಾಲಿನ ಕಜ್ಜಿಯ ಹುಳು ಮನುಷ್ಯರ ಕೈಗೂ ಹತ್ತಿ ತುರಿಕೆ ತರುತ್ತದೆ, ಹುಳುಕಡ್ಡಿಯೂ ಮೊಲದಿಂದ ಮಕ್ಕಳಿಗೆ ಅಂಟುತ್ತದೆ. ಮೊಲ ಮುಟ್ಟಿದ ಕೈಯನ್ನು ಸೋಪು ಹಾಕಿ ತೊಳೆಯದೆ ಕೆಚ್ಚಲು ಮುಟ್ಟಬೇಡಿ.

ಮೊಲಕ್ಕೆ ನೆಗಡಿಯಾದರೆ ಮೂಗಿಗಿಂತ ಮುಂಗಾಲು ನೋಡಿ. ಅದು ಮೂಗನ್ನು ಮುಂಗಾಲಿನಿಂದ ಒರೆಸಿಕೊಳ್ಳುವುದರಿಂದ ಪಾದದ ಒಳಭಾಗದ ಕೂದಲು ಸಿಂಬಳದಿಂದ ಗಂಟು ಕಟ್ಟಿರುತ್ತದೆ. ಇದಕ್ಕೆ ಹೆಚ್ಚಾಗಿ ಕಾರಣವಾಗುವ ರೋಗಾಣುವಿನ ಹೆಸರು ಪಾಶ್ಚುರೆಲ್ಲಾ ಮಲ್ಟೊಸಿಡ. ಮಳೆಗಾಲಕ್ಕೆ ಮೊದಲು ನೀವು ಹಸು ಎಮ್ಮೆಗೆ ಲಸಿಕೆ ಹಾಕಿಸುವ ಗಳಲೆ ರೋಗದ ರೋಗಾಣುವೂ ಇದೇ ಜಾತಿಯದು, ತಳಿ ಮಾತ್ರ ಬೇರೆ. ಹಾಗೆಂದು ಆ ಲಸಿಕೆ ಮೊಲಕ್ಕೆ ಆಗುವುದಿಲ್ಲ. ಗೂಡಿನಲ್ಲಿ ಮೂತ್ರದ ಘಾಟು ಕಣ್ಣಿಗೆ ಹತ್ತುವಂತಿದ್ದರೆ ಯಾವ ಔಷಧ ಕೊಟ್ಟರೂ ನೆಗಡಿ ಮರಳುತ್ತದೆ. ತಲೆ ಒಂದು ಕಡೆಗೆ ವಾಲಿ ಮೊಲ ಸುತ್ತು ಹೊಡೆಯತೊಡಗಿದರೆ ಸೋಂಕು ಕಿವಿಯೊಳಗೆ ಇಳಿದಿರಬಹುದು ಅಥವಾ ಮೆದುಳಿಗೆ ತಾಗುವ ಇನ್ನೊಂದು ಸೋಂಕಿರಬಹುದು. ದೃಷ್ಟಿ ತೆಗೆಯುತ್ತಾ ದಿನ ಕಳೆಯಬೇಡಿ.

ಒಂದರಿಂದ ನಾಲ್ಕು ತಿಂಗಳ ಮರಿಗಳು ಹೊಟ್ಟೆ ಡೊಳ್ಳಾಗಿ, ಬೆನ್ನೆಲುಬು ಎದ್ದು, ನೀರಿನಂತೆ ಭೇದಿಯಾಗಿ ಸಾಯುತ್ತಿದ್ದರೆ ಮೊದಲ ಅನುಮಾನ ಕಾಕ್ಸಿಡಿಯಾ. ಕರುಗಳಿಗೆ ರಕ್ತಭೇದಿ ತರುವ ಜೀವಿಯ ದಾಯಾದಿ ಇದು. ಮೊಲದ್ದು ಕರುವಿಗೆ, ಕರುವಿನದು ಮೊಲಕ್ಕೆ ಹತ್ತುವುದಿಲ್ಲ. ಹೊರಗೆ ಬಿದ್ದ ಹಿಕ್ಕೆಯಲ್ಲಿನ ಮೊಟ್ಟೆ ಸೋಂಕು ಹರಡುವ ಹಂತಕ್ಕೆ ಬರಲು ಸಾಮಾನ್ಯವಾಗಿ ಒಂದೆರಡು ದಿನ, ಒಂದಷ್ಟು ತೇವ ಬೇಕು. ದಿನವೂ ಗುಡಿಸಿ ಒಣಗಿಸಿದರೆ ಅದರ ಸರಪಳಿ ಅಲ್ಲೇ ಕಡಿಯುತ್ತದೆ. ಹುಲ್ಲನ್ನು ನೆಲಕ್ಕೆ ಹಾಕದೆ ಸಣ್ಣ ಗೋದಲಿ ಮಾಡಿ ಹಾಕಿ. ಮೊಲದ ಮರಿಗೆ ಭೇದಿಯಾದರೆ ಕರುವಿಗಿಂತ ಬೇಗ ಒಣಗಿ ಸಾಯುತ್ತದೆ, ಹಾಗಾಗಿ ಅದೂ ಅದೇ ದಿನದ ಕೆಲಸ. ಒಂದಾದ ಮೇಲೊಂದು ಸತ್ತರೆ, ಸತ್ತದ್ದನ್ನು ಹೂಳುವ ಬದಲು ಪ್ಲಾಸ್ಟಿಕ್ ಚೀಲದಲ್ಲಿ ಐಸ್ ಜೊತೆ ಇಟ್ಟು ಪಶು ವೈದ್ಯರಿಗೆ ಒಯ್ಯಿರಿ. ಉಳಿದ ಮರಿಗಳಿಗೆ ಏನು ಔಷಧ ಎಂಬುದು ಅದರಿಂದ ತಿಳಿಯುತ್ತದೆ.

ಮಳೆಗಾಲದಲ್ಲಿ ಬಾಲದ ಕೆಳಗೆ ಹಿಕ್ಕೆ ಮೆತ್ತಿದ ಮೊಲಕ್ಕೆ ನೊಣ ಮೊಟ್ಟೆಯಿಟ್ಟು ಹುಳು ಬೀಳುತ್ತದೆ. ಹಸುವಿನ ಹುಳು ಬಿದ್ದ ಗಾಯಕ್ಕೆ ವಾರವಿಡೀ ಔಷಧ ಹಾಕಿ ವಾಸಿ ಮಾಡಿದ್ದೀರಿ. ಮೊಲಕ್ಕೆ ವಾರ ಸಿಗುವುದಿಲ್ಲ, ಒಂದೆರಡು ದಿನದಲ್ಲಿ ಒಳಕ್ಕೆ ಕೊರೆದಿರುತ್ತವೆ.

ಬೇಸಿಗೆಯಲ್ಲಿ ತಗಡಿನ ಸೂರಿನ ಕೆಳಗಿನ ಗೂಡು ಒಲೆಯಿದ್ದಂತೆ. ಮೊಲ ಬೆವರುವುದಿಲ್ಲ, ಬಿಸಿ ಹೊರಹಾಕುವುದು ಬಹುಪಾಲು ಕಿವಿಯಿಂದ. 30 ಡಿಗ್ರಿ ದಾಟಿದರೆ ಅದಕ್ಕೆ ಕಷ್ಟ. ರಾಯಚೂರು, ಕಲಬುರಗಿ, ಬಳ್ಳಾರಿ ಕಡೆ 40 ದಾಟುವ ದಿನಗಳಲ್ಲಿ ಮಧ್ಯಾಹ್ನ ಮನೆಯೊಳಗೇ ಇಟ್ಟುಕೊಳ್ಳುವುದು ಮೇಲು. ಕಿವಿ ಕೆಂಪಾಗಿ, ಬಾಯಿ ತೆರೆದು ಏದುಸಿರು ಬಿಡುತ್ತಾ ಕಾಲು ಚಾಚಿ ಬಿದ್ದಿದ್ದರೆ ನೆರಳಿಗೆ ತಂದು, ಕಿವಿಗೆ ತಣ್ಣೀರು ಸವರಿ, ಗಾಳಿ ಬೀಸಿ. ಐಸ್ ನೀರಿನ ಬಕೆಟ್ಟಿಗೆ ಮುಳುಗಿಸಬೇಡಿ. ಆಮೇಲೆ ವೈದ್ಯರಿಗೆ ತೋರಿಸಿ, ಎದ್ದು ಕೂತಿತೆಂದು ಬಿಡಬೇಡಿ.

ಮರಿ ಹಾಕಿದಾಗ

ಗಬ್ಬದ ಮೊಲ ಸುಮಾರು 31 ದಿನಕ್ಕೆ ಮರಿ ಹಾಕುತ್ತದೆ. ದಿನ ತುಂಬುವಾಗ ಎದೆ, ಹೊಟ್ಟೆಯ ಕೂದಲನ್ನು ತಾನೇ ಕಿತ್ತು ಗೂಡಿಗೆ ಹಾಸುತ್ತದೆ. ಇದನ್ನು ಕಜ್ಜಿ ಎಂದು ತಿಳಿದು ಔಷಧ ಹಚ್ಚಿದವರಿದ್ದಾರೆ. ಮರಿ ಹಾಕಿದ ಮೇಲೆ ತಾಯಿ ದಿನಕ್ಕೆ ಸಾಮಾನ್ಯವಾಗಿ ಒಂದೇ ಸಲ, ಮೂರು ನಾಲ್ಕು ನಿಮಿಷ ಮಾತ್ರ ಹಾಲೂಡಿಸಿ ಹೊರಟುಹೋಗುತ್ತದೆ. ತಾಯಿ ಮರಿಗಳನ್ನು ಬಿಟ್ಟುಬಿಟ್ಟಿದೆ ಎಂದುಕೊಂಡು ನೀವು ಹಸುವಿನ ಹಾಲು ಕುಡಿಸಲು ಹೊರಡಬೇಡಿ. ನಮ್ಮ ಹಸುವಿನ ಹಾಲಿಗೆ ಡೇರಿಯಲ್ಲಿ ಬರುವ ಫ್ಯಾಟ್ ಮೂರೂವರೆ, ನಾಲ್ಕು. ಎಮ್ಮೆಯದು ಏಳು ಬಂದರೆ ನಾವು ಬೀಗುತ್ತೇವೆ. ಮೊಲದ ಹಾಲಿನ ಫ್ಯಾಟ್ ಹತ್ತಕ್ಕಿಂತ ಹೆಚ್ಚು. ಅದಕ್ಕೇ ದಿನಕ್ಕೊಮ್ಮೆ ಸಾಕಾಗುತ್ತದೆ. ಬೆಳಗ್ಗೆ ಮರಿಯ ಹೊಟ್ಟೆ ದುಂಡಗೆ, ಬೆಚ್ಚಗೆ ಇದ್ದರೆ ಹಾಲು ಕುಡಿದಿದೆ. ಚರ್ಮ ಸುಕ್ಕುಗಟ್ಟಿ, ತಣ್ಣಗಿದ್ದು, ಚೀರುತ್ತಿದ್ದರೆ ಕುಡಿದಿಲ್ಲ.

ಕುಡಿಯದಿದ್ದರೆ ತಾಯಿಯ ಮೊಲೆ ಮುಟ್ಟಿ ನೋಡಿ. ಕೆಂಪಾಗಿ, ಗಟ್ಟಿಯಾಗಿ, ಸುಡುತ್ತಿದ್ದು, ಆಮೇಲೆ ನೀಲಿಗಟ್ಟಿದರೆ ಅದು ಕೆಚ್ಚಲು ಬಾವು. ಹಸುವಿನಲ್ಲಿ ಕಾಣುವ ಅದೇ ರೋಗ. ಇಲ್ಲಿ ಅದು ತಾಯಿಯನ್ನೂ ಬೇಗ ಕೊಲ್ಲುತ್ತದೆ, ಆ ಹಾಲು ಕುಡಿದ ಮರಿಗಳನ್ನೂ. ಮರಿಗಳನ್ನು ಇನ್ನೊಂದು ತಾಯಿಗೆ ಹಚ್ಚಿದರೆ ರೋಗವನ್ನು ಅಲ್ಲಿಗೂ ಒಯ್ದಂತಾಗುತ್ತದೆ, ಆದ್ದರಿಂದ ವೈದ್ಯರನ್ನು ಕೇಳದೆ ಹಚ್ಚಬೇಡಿ.

ಹುಲ್ಲು ಕೊಯ್ಯುವಾಗ ಬದುವಿನಲ್ಲಿ ಕಣ್ಣು ಬಿಟ್ಟ, ಮೈತುಂಬ ಕೂದಲಿರುವ ಕಂದು ಮರಿ ಒಂಟಿಯಾಗಿ ಕೂತಿರುವುದು ಕಂಡರೆ ಅದು ಸಾಕುಮೊಲವಲ್ಲ, ಕಾಡು ಮೊಲ. ಅದಕ್ಕೆ ಕಾಯಿಲೆಯೂ ಇಲ್ಲ, ಅದು ಅನಾಥವೂ ಅಲ್ಲ. ತಾಯಿ ಕತ್ತಲಾದ ಮೇಲೆ ಬಂದು ಹಾಲು ಕೊಡುತ್ತದೆ. ಅದನ್ನು ಹಿಡಿದು ಸಾಕುವುದು 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆಯ ಪ್ರಕಾರ ಅಪರಾಧ. ಅಷ್ಟು ಜಾಗ ಬಿಟ್ಟು ಆಚೆ ಕೊಯ್ದುಕೊಳ್ಳಿ.

ವೈದ್ಯರ ಬಳಿಗೆ

ಕೆಲವು ನೂರು ರೂಪಾಯಿಯ ಮೊಲಕ್ಕೆ ಆಟೋ ಬಾಡಿಗೆ ಕೊಟ್ಟು ಹೋಗಬೇಕೇ ಎಂಬ ಮಾತು ಮನೆಯಲ್ಲಿ ಬಂದೇ ಬರುತ್ತದೆ. ಹಾಲು ಕೊಡದ ಪ್ರಾಣಿಗೆ ಖರ್ಚೇಕೆ ಎನ್ನುತ್ತಾರೆ. ಸಾಕಿದ್ದೇವೆ ಎಂದ ಮೇಲೆ ಅದು ನೋವಿನಲ್ಲಿ ಎರಡು ದಿನ ಮೂಲೆಯಲ್ಲಿ ಕೂತು ಸಾಯುವುದನ್ನು ಮಕ್ಕಳು ನೋಡುತ್ತಿರುತ್ತಾರೆ ಎಂಬುದೂ ಲೆಕ್ಕಕ್ಕೆ ಬರಬೇಕು. ಮೊದಲ ದಿನವೇ ಹೋದರೆ ನೋವಿಗೊಂದು ಚುಚ್ಚುಮದ್ದು, ಚರ್ಮದಡಿಗೆ ಒಂದಿಷ್ಟು ಸಲೈನ್, ಕರುಳು ಚಲಿಸುವ ಔಷಧ ಇಷ್ಟರಲ್ಲಿ ಎದ್ದು ನಿಲ್ಲುವ ಮೊಲಗಳಿವೆ. ಮೂರನೇ ದಿನ ಹೋದರೆ ಖರ್ಚೂ ಹೆಚ್ಚು, ಭರವಸೆಯೂ ಕಡಿಮೆ. ಉಳಿಯುವುದಿಲ್ಲ ಎಂದು ಖಚಿತವಾದರೆ ನೋವಿಲ್ಲದೆ ಮುಕ್ತಿ ಕೊಡುವ ದಾರಿಯನ್ನೂ ವೈದ್ಯರು ಹೇಳುತ್ತಾರೆ. ಕೇಳಲು ಸಂಕೋಚ ಬೇಡ.

ಹತ್ತಿರದ ಸರ್ಕಾರಿ ಪಶು ವೈದ್ಯಾಲಯಕ್ಕೆ ಮೊದಲು ಫೋನ್ ಮಾಡಿ. ಅಲ್ಲಿ ಸಿಗದಿದ್ದರೆ ಸಂಚಾರಿ ಪಶು ಚಿಕಿತ್ಸಾ ವಾಹನದ 1962 ಸಂಖ್ಯೆಗೆ ಕರೆ ಮಾಡಿ, ಮೊಲ ಎಂದು ಹೇಳಿ, ಎಲ್ಲಿಗೆ ತರಬೇಕೆಂದು ಕೇಳಿ. ಹೆಬ್ಬಾಳ, ಹಾಸನ, ಶಿವಮೊಗ್ಗ, ಬೀದರ್‌ಗಳಲ್ಲಿ ಪಶುವೈದ್ಯಕೀಯ ಕಾಲೇಜುಗಳಿವೆ. ಹತ್ತಿರದವರು ಅಲ್ಲಿಗೂ ಹೋಗಬಹುದು.

ಎತ್ತುವಾಗ ಕಿವಿ ಹಿಡಿದು ಎತ್ತಬೇಡಿ. ಒಂದು ಕೈ ಎದೆಯ ಕೆಳಗೆ, ಇನ್ನೊಂದು ಹಿಂಭಾಗಕ್ಕೆ ಆಸರೆಯಾಗಿರಲಿ. ಹಿಂಗಾಲು ತೇಲಾಡಲು ಬಿಟ್ಟರೆ ಜೋರಾಗಿ ಒದ್ದು ತನ್ನ ಬೆನ್ನುಮೂಳೆಯನ್ನೇ ಮುರಿದುಕೊಳ್ಳುತ್ತದೆ. ಬೆತ್ತದ ಬುಟ್ಟಿಗೋ ರಟ್ಟಿನ ಪೆಟ್ಟಿಗೆಗೋ ಗಾಳಿಯಾಡುವಂತೆ ತೂತು ಮಾಡಿ, ಗೋಣಿ ಹಾಸಿ, ಮೇಲೊಂದು ಬಟ್ಟೆ ಮುಚ್ಚಿ. ಕತ್ತಲಲ್ಲಿ ಮೊಲಕ್ಕೆ ಹೆದರಿಕೆ ಕಡಿಮೆ. ಕಿವಿ ತಣ್ಣಗಿದ್ದರೆ ಬೆಚ್ಚಗಿನ ನೀರಿನ ಬಾಟಲಿಯನ್ನು ಬಟ್ಟೆಯಲ್ಲಿ ಸುತ್ತಿ ಪಕ್ಕದಲ್ಲಿಡಿ. ಜೋಡಿ ಮೊಲವಿದ್ದರೆ ಅದನ್ನೂ ಜೊತೆಗೆ ಒಯ್ಯಿರಿ, ಒಂಟಿಯಾದರೆ ಇನ್ನಷ್ಟು ಕುಗ್ಗುತ್ತದೆ.

ಕೊನೆಯ ಸಲ ತಿಂದದ್ದು ಯಾವಾಗ, ಹಿಕ್ಕೆ ಹಾಕಿದ್ದು ಯಾವಾಗ, ಕಳೆದ ವಾರ ಮೇವಿನಲ್ಲಿ ಏನು ಬದಲಾಯಿತು, ಮನೆಯಲ್ಲಿ ಏನಾದರೂ ಔಷಧ ಕೊಟ್ಟಿರಾ ಎಂದು ವೈದ್ಯರು ಕೇಳುತ್ತಾರೆ. ಕೊಟ್ಟಿದ್ದರೆ ಮುಚ್ಚಿಡದೆ ಆ ಬಾಟಲಿಯನ್ನೇ ಒಯ್ದು ತೋರಿಸಿ. ಬೆಳಗ್ಗೆ ಬಿದ್ದ ಹಿಕ್ಕೆಯನ್ನು ಕಾಗದದಲ್ಲಿ ಕಟ್ಟಿಕೊಳ್ಳಿ. ಅದು ಇಷ್ಟಪಟ್ಟು ತಿನ್ನುವ ಗರಿಕೆ ಒಂದು ಹಿಡಿ ಬುಟ್ಟಿಯಲ್ಲಿ ಹಾಕಿರಿ. ದಾರಿಯಲ್ಲಿ ಒಂದೆಳೆ ಬಾಯಾಡಿಸಿದರೂ ಅದನ್ನು ವೈದ್ಯರಿಗೆ ಹೇಳಿ.